ಎದುರಾಳಿಯನ್ನು ಓದಿ ಎಲೆ ಆಯ್ದವನು: ಸ್ಟೂ ಅಂಗರ್ ಗೆದ್ದಿದ್ದೆಷ್ಟು, ಉಳಿಸಿಕೊಂಡಿದ್ದೆಷ್ಟು?

ರಮ್ಮಿ, ಪೋಕರ್ ಕೌಶಲದ ಆಟವೋ, ಅದೃಷ್ಟದ ಆಟವೋ? ನಮ್ಮ ನ್ಯಾಯಾಲಯಗಳಿಗೆ ಈ ಪ್ರಶ್ನೆ ಹೊಸದಲ್ಲ. ರಮ್ಮಿಯಲ್ಲಿ ಕೌಶಲದ ಪಾಲೇ ಹೆಚ್ಚು ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ ಆಟಗಳೂ ಸೇರಿದಂತೆ ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಇನ್ನೂ ದೊಡ್ಡ ಬಾಗಿಲು ಹಾಕಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ನೋಡದೆ, ಹಣ ಪಣಕ್ಕಿಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುವ ಕಾಯ್ದೆ ಬಂತು. ಅದನ್ನು ಪ್ರಶ್ನಿಸಿದ ಮೊದಲ ಅರ್ಜಿಗಳಲ್ಲಿ ಒಂದು ನಮ್ಮ ಹೈಕೋರ್ಟಿಗೇ ಬಂದಿತ್ತು.

ಈ ಜಗಳದಲ್ಲಿ ಕಂಪನಿಗಳ ವಾದ ಯಾವಾಗಲೂ ಒಂದೇ: ಇದು ಬುದ್ಧಿಯ ಆಟ, ಬುದ್ಧಿ ಇದ್ದವನು ಗೆಲ್ಲುತ್ತಾನೆ. ಆ ಮಾತು ಸುಳ್ಳಲ್ಲ. ಆದರೆ ಅದು ಎಲ್ಲಿಯವರೆಗೆ ನಿಜ ಅಂತ ನೋಡಬೇಕಿದ್ದರೆ, ಆ ಬುದ್ಧಿಯನ್ನು ತುತ್ತತುದಿಗೆ ಒಯ್ದ ಒಬ್ಬ ಮನುಷ್ಯನ ಬದುಕನ್ನು ನೋಡಬೇಕು. ಆತನ ಹೆಸರು ಸ್ಟೂ ಅಂಗರ್. ಊರು ಅಮೆರಿಕದ ನ್ಯೂಯಾರ್ಕ್. ಸತ್ತು ಕಾಲು ಶತಮಾನ ದಾಟಿದೆ. ಪೋಕರ್ ಬಲ್ಲವರಲ್ಲಿ ಅನೇಕರು, ನೋ-ಲಿಮಿಟ್ ಟೆಕ್ಸಸ್ ಹೋಲ್ಡೆಮ್ ಟೂರ್ನಿಗಳಲ್ಲಿ ಆತನಷ್ಟು ಪ್ರತಿಭೆಯವನು ಇನ್ನೊಬ್ಬ ಬಂದಿಲ್ಲ ಎಂದು ಇವತ್ತಿಗೂ ಹೇಳುತ್ತಾರೆ.

ಲೋಯರ್ ಈಸ್ಟ್ ಸೈಡ್‌ನ ಹುಡುಗ

ಸ್ಟೂ ಹುಟ್ಟಿದ್ದು 1953ರ ಸೆಪ್ಟೆಂಬರ್ 8ರಂದು, ಮ್ಯಾನ್‌ಹಟನ್‌ನಲ್ಲಿ. ಬೆಳೆದದ್ದು ಅಲ್ಲಿನ ಲೋಯರ್ ಈಸ್ಟ್ ಸೈಡ್ ಎಂಬ ವಲಸಿಗರ ಬಡಾವಣೆಯಲ್ಲಿ, ಯಹೂದಿ ಮನೆಯಲ್ಲಿ. ಅಪ್ಪನದು ಫಾಕ್ಸಸ್ ಕಾರ್ನರ್ ಎಂಬ ಬಾರು. ಹೊರಗೆ ಬಾರು, ಒಳಗೆ ಬೆಟ್ಟಿಂಗ್ ಮತ್ತು ಮೀಟರ್ ಬಡ್ಡಿ ವ್ಯವಹಾರ. ಮಗ ಜೂಜಿಗೆ ಬೀಳಬಾರದು ಎಂಬುದು ಅಪ್ಪನ ಆಸೆ. ಆದರೆ ಜೂಜಿನ ಅಂಗಡಿಯಲ್ಲೇ ಬೆಳೆಯುವ ಹುಡುಗನಿಗೆ ಆ ಬುದ್ಧಿವಾದ ನಾಟೀತು ಹೇಗೆ? ಹತ್ತನೇ ವಯಸ್ಸಿಗೇ ಆತ ಜಿನ್ ರಮ್ಮಿಯ ಒಂದು ಸ್ಥಳೀಯ ಟೂರ್ನಿ ಗೆದ್ದ.

ಜಿನ್ ರಮ್ಮಿ ನಮ್ಮ ರಮ್ಮಿಯ ಹತ್ತಿರದ ನೆಂಟ. ನಾವು 13 ಎಲೆ ಹಿಡಿದರೆ ಅವರು 10 ಹಿಡಿಯುತ್ತಾರೆ. ಇಬ್ಬರೇ ಆಡುವ ಆಟ. ಎದುರಿನವನು ಏನನ್ನು ಎತ್ತಿಕೊಂಡ, ಏನನ್ನು ಬಿಸಾಕಿದ, ಬಿಸಾಕುವ ಮುಂಚೆ ಎಷ್ಟು ಹೊತ್ತು ತಡೆದ, ಇವಿಷ್ಟರಿಂದ ಅವನ ಕೈಯಲ್ಲಿ ಉಳಿದಿರುವುದೇನು ಅಂತ ಊಹಿಸಬೇಕು. ಸ್ಟೂನ ನೆನಪಿನ ಶಕ್ತಿ ಇದಕ್ಕೆ ಹೇಳಿ ಮಾಡಿಸಿದ್ದು. ಕೆಲವು ಸುತ್ತು ಕಳೆಯುವುದರೊಳಗೆ ಎದುರಾಳಿಯ ಕೈ ಆತನಿಗೆ ತೆರೆದ ಪುಸ್ತಕ.

1967ರಲ್ಲಿ ಅಪ್ಪ ಹೃದಯಾಘಾತದಿಂದ ತೀರಿಕೊಂಡ. ಮಗನಿಗೆ ಆಗ ಹದಿಮೂರೋ ಹದಿನಾಲ್ಕೋ. ಮುಂದೆ ಅಮ್ಮ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಳು. ಹುಡುಗ ಹತ್ತನೇ ತರಗತಿಗೆ ಶಾಲೆ ಬಿಟ್ಟು ರಮ್ಮಿ ಅಡ್ಡೆಗಳಲ್ಲಿ ದುಡಿಯತೊಡಗಿದ. ಆಗ ಆತನ ಬೆನ್ನಿಗೆ ನಿಂತವನು ವಿಕ್ಟರ್ ರೊಮಾನೊ. ನ್ಯೂಯಾರ್ಕಿನ ಮಾಫಿಯಾ ಗುಂಪಿಗೆ ಸೇರಿದವನೆಂದು ಹೆಸರಾದವ, ಆದರೆ ಎಲೆ ಮತ್ತು ಲೆಕ್ಕದ ಹುಚ್ಚಿದ್ದವ. ಹುಡುಗನಿಗೆ ಅಪ್ಪನ ಜಾಗದಲ್ಲಿ ಈ ಮನುಷ್ಯ ಬಂದ. ಸಣ್ಣ ಮೈಕಟ್ಟು, ದೊಡ್ಡ ಬಾಯಿ. ಸೋತವರನ್ನು ಹಂಗಿಸುವ ಚಟ. ಇಷ್ಟಾದರೂ ಯಾರೂ ಕೈ ಎತ್ತಲಿಲ್ಲ ಎಂದರೆ ಕಾರಣ ರೊಮಾನೊ.

ಹ್ಯಾರಿ ಸ್ಟೈನ್ ಎಂಬ ಆ ಕಾಲದ ದೊಡ್ಡ ಜಿನ್ ಆಟಗಾರನನ್ನು ಸ್ಟೂ ಸತತ 86 ಆಟ ಸೋಲಿಸಿದ ಕತೆ ಅಲ್ಲಿ ಬಾಯಿಂದ ಬಾಯಿಗೆ ಹರಡಿತು. ಸ್ಟೈನ್ ಒಂದನ್ನೂ ಗೆಲ್ಲಲಿಲ್ಲವಂತೆ. ಇಂಥ ಹೆಸರಿನಿಂದ ಆದ ನಷ್ಟ ಏನೆಂದರೆ ಸ್ಟೂ ಜೊತೆ ಕೂರಲು ಜನವೇ ಇಲ್ಲವಾಯಿತು. ಆತ ರಿಯಾಯಿತಿ ಕೊಡತೊಡಗಿದ. ಎದುರಾಳಿಗೆ ಕಟ್ಟಿನ ಕೊನೆಯ ಎಲೆ ಮೊದಲೇ ನೋಡಲು ಬಿಡುತ್ತಿದ್ದ. ಆದರೂ ಗೆಲ್ಲುತ್ತಿದ್ದ. ಈತ ಬಂದರೆ ನಾವು ಬರಲ್ಲ ಅಂತ ಉಳಿದವರು ಹಟ ಹಿಡಿದ ಕಾರಣ, ಟೂರ್ನಿಗೆ ದಯವಿಟ್ಟು ಬರಬೇಡಪ್ಪ ಎಂದು ಕೆಲವು ಕ್ಯಾಸಿನೊಗಳೇ ಕೇಳಿಕೊಂಡವು.

ಇಲ್ಲೊಂದು ವಿವರ ಗಮನಿಸಿ. ರಮ್ಮಿಯಲ್ಲಿ ಯಾರೂ ಮುಟ್ಟಲಾಗದ ಈ ಹುಡುಗ ನ್ಯೂಯಾರ್ಕ್ ಬಿಟ್ಟಿದ್ದು ಸಾಲಗಾರನಾಗಿ. ಗೆದ್ದ ಹಣ ಅಷ್ಟನ್ನೂ ಕುದುರೆ ರೇಸಿಗೆ ಹಾಕಿದ್ದ. ಮೊದಲು ಮಯಾಮಿ, ಆಮೇಲೆ 1970ರ ದಶಕದ ಕೊನೆಯ ಹೊತ್ತಿಗೆ ಲಾಸ್ ವೇಗಸ್. ರಮ್ಮಿಗೆ ಗಿರಾಕಿ ಸಿಗದೆ ಹೋದ್ದರಿಂದಲೇ ಆತ ಪೋಕರ್ ಕಡೆ ತಿರುಗಿದ.

ಎರಡು ಎಲೆಯ ಗಣಿತ

ಮುಂದಿನ ಕತೆ ಅರ್ಥವಾಗಲು ಆಟದ ಕಟ್ಟು ಸ್ವಲ್ಪ ಗೊತ್ತಿರಬೇಕು. ಟೆಕ್ಸಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೂ ಗುಟ್ಟಾಗಿ ಎರಡು ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿ ಐದು ಎಲೆ ಬೀಳುತ್ತವೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ. ಒಟ್ಟು ಏಳು ಎಲೆಯಲ್ಲಿ ಒಳ್ಳೆಯ ಐದನ್ನು ಸೇರಿಸಿದಾಗ ಯಾರದು ದೊಡ್ಡದೋ ಅವರಿಗೆ ಹಣ. ಅಥವಾ ಉಳಿದವರೆಲ್ಲ ಹೆದರಿ ಪ್ಯಾಕ್ ಆದರೆ, ಕೈಯಲ್ಲಿ ಏನೂ ಇಲ್ಲದವನಿಗೂ ಹಣ.

ನಾನು ಎಂಜಿನಿಯರಿಂಗ್ ಓದುವಾಗ ನಾಲ್ಕನೇ ಸೆಮಿಸ್ಟರ್ ಗಣಿತದಲ್ಲಿ ಸಂಭವನೀಯತೆ ಇತ್ತು. ಆ ಲೆಕ್ಕ ಇಲ್ಲಿ ನೇರವಾಗಿ ಕೂರುತ್ತದೆ. 52 ಎಲೆಯಲ್ಲಿ ಎರಡನ್ನು 1,326 ರೀತಿಯಲ್ಲಿ ಆರಿಸಬಹುದು. ಚಿಹ್ನೆಯ ಹೆಚ್ಚುಕಡಿಮೆ ಬಿಟ್ಟರೆ ಉಳಿಯುವುದು 169 ಬಗೆ. ಎಲ್ಲಕ್ಕಿಂತ ಮೇಲೆ ಎರಡು ಎಕ್ಕ. ಅದು ಸರಾಸರಿ 221 ಸಲಕ್ಕೆ ಒಮ್ಮೆ ಬರುತ್ತದೆ. ಬೇರೆ ಬೇರೆ ಚಿಹ್ನೆಯ 7 ಮತ್ತು 2 ಬಂದರೆ, ಅದಕ್ಕಿಂತ ಕೆಟ್ಟ ಆರಂಭವಿಲ್ಲ ಅಂತ ಎಲ್ಲರೂ ಒಪ್ಪುತ್ತಾರೆ. ಹೊಸದಾಗಿ ಕಲಿಯುವವರಿಗೆ ಇದನ್ನೆಲ್ಲ ಒಂದು ಪಟ್ಟಿ ಮಾಡಿ ಕೊಡುತ್ತಾರೆ: ಇವನ್ನು ಆಡು, ಇವನ್ನು ಬಿಸಾಕು.

ಪಟ್ಟಿ ತಪ್ಪಲ್ಲ. ಆದರೆ ಅದರಲ್ಲಿ ಒಂದು ಕಾಲಂ ಇರುವುದಿಲ್ಲ: ಎದುರಿಗೆ ಯಾರಿದ್ದಾರೆ? ಎರಡು ಎಕ್ಕಕ್ಕೇ ಬನ್ನಿ. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ, ಎಕ್ಕದವನು ನೂರಕ್ಕೆ 85 ಸಲ ಗೆಲ್ಲುತ್ತಾನೆ. ಎಂಟು ಜನ ಕೊನೆಯವರೆಗೂ ಜೊತೆಗೆ ಬಂದರೆ ಅದೇ ಕೈ ಗೆಲ್ಲುವುದು ಸುಮಾರು 35 ಸಲ. ಎಲೆ ಅದೇ, ಬದಲಾಗಿದ್ದು ಎದುರಿನ ಜನ.

ಇದನ್ನೇ ಮುಂದುವರಿಸಿ. ಎದುರಿನವನು ಬಿಗಿ ಆಟಗಾರ, ಒಳ್ಳೆಯ ಎಲೆ ಬರುವ ತನಕ ಕಾಯುವವನು ಅಂದುಕೊಳ್ಳಿ. ಅವನ ಮೇಲೆ ಸಾಧಾರಣ ಎಲೆಯಲ್ಲೂ ಪಣ ಏರಿಸಬಹುದು, ಏಕೆಂದರೆ ಹತ್ತರಲ್ಲಿ ಹೆಚ್ಚು ಸಲ ಅವನು ಪ್ಯಾಕ್. ಆದರೆ ಅವನೇ ತಿರುಗಿ ಏರಿಸಿದರೆ ನಮ್ಮ ಎಕ್ಕ-ಹತ್ತನ್ನೂ ಮರ್ಯಾದೆಯಿಂದ ಕೆಳಗಿಡಬೇಕು. ಇನ್ನೊಬ್ಬ ಇದ್ದಾನೆ, ಏನು ಬಂದರೂ ಜೊತೆಗೆ ಬರುವವನು, ಪ್ಯಾಕ್ ಎಂಬ ಪದವೇ ಗೊತ್ತಿಲ್ಲದವನು. ಅವನ ಹತ್ತಿರ ಬ್ಲಫ್ ಮಾಡುವುದು ಹಣ ಸುಟ್ಟಂತೆ. ಅವನಿಗೆ ದೊಡ್ಡ ಎಲೆ, ಜೋಡಿ ಎಲೆ ಇಟ್ಟುಕೊಂಡು ಮೆಲ್ಲಗೆ ಪಣ ಕಟ್ಟಿಸಬೇಕು. ಮೂರನೆಯವನು ಹುಚ್ಚಾಪಟ್ಟೆ ಏರಿಸುವವನು. ಅವನಿಗೆ ನಾವು ಏರಿಸಿ ಹೆದರಿಸಬೇಕಿಲ್ಲ. ಒಂದು ಮಟ್ಟದ ಕೈ ಹಿಡಿದು ಸುಮ್ಮನೆ ಕೂತರೆ, ಅವನೇ ತನ್ನ ಹಣವನ್ನು ನಮ್ಮ ಕಡೆ ತಳ್ಳುತ್ತಾನೆ. 5-4, 7-6 ತರಹದ ಒಂದೇ ಚಿಹ್ನೆಯ ಸಣ್ಣ ಎಲೆಗಳ ಬೆಲೆಯೂ ಹೀಗೇ. ಎದುರಿನವನ ಮುಂದೆ ಚಿಪ್ ರಾಶಿ ಇದ್ದು, ಸಿಕ್ಕಿಬಿದ್ದರೆ ಅಷ್ಟನ್ನೂ ಕೊಡುವ ಸ್ವಭಾವ ಅವನದಾದರೆ ಮಾತ್ರ ಅವಕ್ಕೆ ಬೆಲೆ.

ಸ್ಟೂ ಅಂಗರ್ ಈ ಪಾಠವನ್ನು ಪುಸ್ತಕದಿಂದ ಕಲಿಯಲಿಲ್ಲ. ರಮ್ಮಿ ಮೇಜಿನಲ್ಲಿ ಹತ್ತು ವರ್ಷ ಮಾಡಿದ್ದನ್ನೇ ಇಲ್ಲಿಗೆ ತಂದ.

1980: ಐದು-ನಾಲ್ಕು

1980ರ ವರ್ಲ್ಡ್ ಸೀರೀಸ್ ಆಫ್ ಪೋಕರ್, ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊ. ಪ್ರವೇಶ ಶುಲ್ಕ 10,000 ಡಾಲರ್, ಆಟಗಾರರು 73. ಸ್ಟೂಗೆ 26 ವರ್ಷ, ನೋಡಲು ಇನ್ನೂ ಹುಡುಗ. ಜನ ಆತನನ್ನು ಕರೆಯುತ್ತಿದ್ದದ್ದೇ ‘ದಿ ಕಿಡ್’ ಎಂದು. ಹೋಲ್ಡೆಮ್ ಆಟಕ್ಕೆ ತೀರಾ ಹೊಸಬ. ಕೊನೆಗೆ ಉಳಿದಿಬ್ಬರಲ್ಲಿ ಒಬ್ಬ ಈತ, ಇನ್ನೊಬ್ಬ ಟೆಕ್ಸಸ್‌ನ ಡಾಯ್ಲ್ ಬ್ರನ್ಸನ್.

ಬ್ರನ್ಸನ್ ಸಾಮಾನ್ಯನಲ್ಲ. 1976, 1977ರಲ್ಲಿ ಸತತ ಎರಡು ಸಲ ಇದೇ ಪಟ್ಟ ಗೆದ್ದವನು. ಎರಡೂ ವರ್ಷ ಆತನ ಕೊನೆಯ ಕೈ 10 ಮತ್ತು 2. ಪಟ್ಟಿ ನೋಡಿ ಆಡುವವರು ಬಿಸಾಕುವ ಎಲೆ ಅದು. ಅಂದರೆ ಪಟ್ಟಿಯ ಆಚೆಗೂ ಆಟವಿದೆ ಎಂಬುದು ಬ್ರನ್ಸನ್‌ಗೂ ಚೆನ್ನಾಗಿ ಗೊತ್ತಿತ್ತು. ಪೋಕರ್ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದಿದ್ದ ಮನುಷ್ಯ.

ಕೊನೆಯ ಕೈಯಲ್ಲಿ ಬ್ರನ್ಸನ್ ಹತ್ತಿರ ಎಕ್ಕ ಮತ್ತು 7. ಸ್ಟೂ ಹತ್ತಿರ ಒಂದೇ ಚಿಹ್ನೆಯ 5 ಮತ್ತು 4. ಮೇಜಿಗೆ ಬಿದ್ದ ಮೂರು ಎಲೆ: ಎಕ್ಕ, 7, 2. ಬ್ರನ್ಸನ್‌ಗೆ ಎರಡು ಜೋಡಿ ಒಂದೇ ಏಟಿಗೆ. ಸ್ಟೂಗೆ ಒಂದು 3 ಬಿದ್ದರೆ ಎಕ್ಕದಿಂದ 5ರವರೆಗೆ ಸಾಲು ಪೂರ್ತಿ. ಆತನಿಗೆ ಕಾಣದ 47 ಎಲೆಯಲ್ಲಿ 3 ಇರುವುದು ನಾಲ್ಕು. ಸುಮಾರು ಹನ್ನೆರಡರಲ್ಲಿ ಒಂದು ಸಲ. ಆದರೂ ಸ್ಟೂ ಪ್ಯಾಕ್ ಆಗಲಿಲ್ಲ, ಜೊತೆಗೆ ಹೋದ. ನಾಲ್ಕನೇ ಎಲೆಯೇ 3. ಬ್ರನ್ಸನ್‌ನ ಚಿಪ್ ಎಲ್ಲ ಒಳಗೆ ಹೋಯಿತು, ವಾಪಸ್ ಬರಲಿಲ್ಲ.

ಅದೃಷ್ಟ ಅನ್ನಿ, ಅಡ್ಡಿಯಿಲ್ಲ. 3 ಬಿದ್ದದ್ದು ಅದೃಷ್ಟವೇ. ಆದರೆ 5-4 ಹಿಡಿದು ಆ ಮೇಜಿನಲ್ಲಿ ಉಳಿದದ್ದು ಅದೃಷ್ಟವಲ್ಲ. ಎದುರಿನವನ ಕೈಯಲ್ಲಿ ದೊಡ್ಡದಿದೆ, ಅದನ್ನು ಆತ ಬಿಡುವುದಿಲ್ಲ, 3 ಬಿದ್ದರೆ ಇಡೀ ರಾಶಿ ನನ್ನದು ಎಂಬ ಲೆಕ್ಕ ಇಲ್ಲದಿದ್ದರೆ ಆ ಪಣಕ್ಕೆ ಅರ್ಥವೇ ಇಲ್ಲ. ಹೆದರಿ ಪ್ಯಾಕ್ ಆಗುವ ಎದುರಾಳಿಯಾಗಿದ್ದರೆ ಅದೇ 5-4 ಕಸ. ಟೂರ್ನಿ ನಡೆಯುತ್ತಾ ಹೋದಂತೆ ಆಡುತ್ತಲೇ ಕಲಿತು ಬೆಳೆದ ಇಂಥ ಆಟಗಾರನನ್ನು ತಾನು ನೋಡಿದ್ದು ಅದೇ ಮೊದಲು ಎಂದು ಬ್ರನ್ಸನ್ ಆಮೇಲೆ ಹೇಳಿಕೊಂಡಿದ್ದಾನೆ.

ಆವರೆಗಿನ ಅತಿ ಕಿರಿಯ ಚಾಂಪಿಯನ್ ಆಗಿದ್ದ ಸ್ಟೂ ಮರುವರ್ಷ ಪಟ್ಟ ಉಳಿಸಿಕೊಳ್ಳಲು ಬಂದಾಗ ಬಾಗಿಲಲ್ಲೇ ತಡೆ. ಅದಕ್ಕೂ ಮುಂಚೆ ಸೋತ ಸಿಟ್ಟಿನಲ್ಲಿ ಎಲೆ ಹಂಚುವವನ ಮುಖಕ್ಕೆ ಉಗಿದಿದ್ದ. ಕ್ಯಾಸಿನೊ ಮಾಲೀಕ ಬೆನ್ನಿ ಬಿನಿಯನ್ ಈತನನ್ನು ಒಳಗೆ ಬಿಡಬೇಡಿ ಎಂದುಬಿಟ್ಟಿದ್ದ. ಮಗ ಜ್ಯಾಕ್ ಅಪ್ಪನನ್ನು ಒಪ್ಪಿಸಿದ. ಸ್ಟೂ ಆಡಿದ, ಪೆರಿ ಗ್ರೀನ್ ಎಂಬಾತನನ್ನು ಸೋಲಿಸಿ ಮತ್ತೆ ಗೆದ್ದ, 3,75,000 ಡಾಲರ್ ಬಹುಮಾನ.

ಟೂರ್ನಿಯ ಭಯವೇ ಬಂಡವಾಳ

ಆತನ ಆಟದ ರೀತಿ ಹೀಗಿತ್ತು: ಬಿಡುವಿಲ್ಲದ ದಾಳಿ. ಟೂರ್ನಿಯಲ್ಲಿ ಚಿಪ್ ಮುಗಿದರೆ ಮನೆಗೆ ಹೋಗಬೇಕು. ಹಾಗಾಗಿ ಒಳ್ಳೆಯ ಆಟಗಾರರೂ ನಡುವಿನ ಹಂತದಲ್ಲಿ ಬಿಗಿಯಾಗುತ್ತಾರೆ, ಒಳ್ಳೆಯ ಎಲೆಗೆ ಕಾಯುತ್ತಾರೆ. ಸ್ಟೂ ಆಡುತ್ತಿದ್ದುದು ಆ ಕಾಯುವಿಕೆಯ ಮೇಲೆ. ತನ್ನ ಕೈಯಲ್ಲಿ ಏನಿದೆ ಎಂಬುದಕ್ಕಿಂತ ಎದುರಿನವನು ಏನನ್ನು ಬಿಟ್ಟುಕೊಡಲು ತಯಾರಿದ್ದಾನೆ ಎಂಬುದು ಆತನಿಗೆ ಮುಖ್ಯ. ಸಣ್ಣ ಸಣ್ಣ ಗುಡ್ಡೆಗಳನ್ನು ಹೀಗೆ ಕಸಿದು, ಎಲೆ ಬಂದಾಗ ದೊಡ್ಡದಕ್ಕೆ ಕೈ ಹಾಕುತ್ತಿದ್ದ.

ಇದಕ್ಕೆ ಒಂದು ಮಿತಿಯೂ ಇತ್ತು. ದಿನವಿಡೀ ನಗದು ಇಟ್ಟು ಆಡುವ ಮೇಜುಗಳಲ್ಲಿ ಆತ ಟೂರ್ನಿಯಷ್ಟು ಗೆಲ್ಲಲಿಲ್ಲ ಎನ್ನುತ್ತಾರೆ ಜೊತೆಗೆ ಆಡಿದವರು. ಅಲ್ಲಿ ಸೋತವನು ಜೇಬಿನಿಂದ ಇನ್ನಷ್ಟು ತೆಗೆದು ಕೂರುತ್ತಾನೆ. ಮನೆಗೆ ಹೋಗುವ ಭಯವೇ ಇಲ್ಲದವನ ಮೇಲೆ ಆ ದಾಳಿ ಅಷ್ಟು ನಾಟುವುದಿಲ್ಲ.

ಎದುರಾಳಿಯನ್ನು ಓದುವುದು ಎಂದರೇನು ಎಂಬುದಕ್ಕೆ ಪೋಕರ್ ಲೋಕ ಇವತ್ತಿಗೂ ಕೊಡುವ ಉದಾಹರಣೆ ಒಂದಿದೆ. 1990ರ ವಿಶ್ವ ಚಾಂಪಿಯನ್ ಮನ್ಸೂರ್ ಮತ್ಲೂಬಿ ಜೊತೆ ಸ್ಟೂ ತಲಾ 50,000 ಡಾಲರ್ ಇಟ್ಟು ಇಬ್ಬರೇ ಆಡಿದ ಪಂದ್ಯ ಅದು. ಮೇಜಿನ ಮೇಲೆ ಬಿದ್ದ ಐದು ಎಲೆ: 3, 3, 7, ರಾಜ, ರಾಣಿ. ಸ್ಟೂ ಕೈಯಲ್ಲಿ 10 ಮತ್ತು 9. ಜೋಡಿಯೂ ಇಲ್ಲ, ಸಾಲೂ ಇಲ್ಲ. ಮತ್ಲೂಬಿ ತನ್ನ ಉಳಿದ 32,000 ಡಾಲರ್ ಅಷ್ಟನ್ನೂ ಒಳಗೆ ತಳ್ಳಿದ. ಸ್ಟೂ ಕೆಲವು ಕ್ಷಣ ನೋಡಿ, ನಿನ್ನದು 4-5 ಅಥವಾ 5-6 ಎಂದು ಹೇಳಿ, ಬರೀ ಹತ್ತನ್ನು ಹಿಡಿದು ಪಣ ಕಟ್ಟಿದ. ಮತ್ಲೂಬಿ ಕೈಯಲ್ಲಿ ಇದ್ದದ್ದು 4-5.

ಇದು ಮಾಟವಲ್ಲ. ಬಿಡಿಸಿ ನೋಡಿದರೆ ಲೆಕ್ಕ ಸಿಗುತ್ತದೆ. 7-3-3 ಬಿದ್ದಾಗ ಮತ್ಲೂಬಿ ಸ್ಟೂನ ಪಣಕ್ಕೆ ಜೊತೆಗೆ ಬಂದಿದ್ದ. ಅಂದರೆ ಏನೋ ಇದೆ: ಜೋಡಿ, ದೊಡ್ಡ ಎಲೆ, ಇಲ್ಲವೇ ಸಾಲಿಗೆ ಕಾಯುತ್ತಿರುವ 4-5, 5-6. ರಾಜ ಬಿದ್ದಾಗ ಇಬ್ಬರೂ ಸುಮ್ಮನಿದ್ದರು. ರಾಣಿ ಬಿದ್ದ ಕೂಡಲೇ ಈ ದೊಡ್ಡ ಪಣ. ಕೈಯಲ್ಲಿ ಒಂದು ಎಕ್ಕವೋ ಸಣ್ಣ ಜೋಡಿಯೋ ಇದ್ದವನು ಅಷ್ಟು ದೊಡ್ಡದು ಹಾಕುವುದಿಲ್ಲ, ಸುಮ್ಮನೆ ಎಲೆ ತೋರಿಸಿ ಗೆಲ್ಲಲು ನೋಡುತ್ತಾನೆ. ಮೂರನೇ 3 ಇದ್ದವನು ಇನ್ನೂ ಮುಂಚೆಯೇ ಅಥವಾ ಇನ್ನೂ ಕಮ್ಮಿ ಹಾಕಿ ಆಮಿಷ ಒಡ್ಡುತ್ತಾನೆ. ಉಳಿಯುವುದು ಗುರಿ ತಪ್ಪಿದ ಸಣ್ಣ ಎಲೆ. ಅದಕ್ಕೆ 10 ಸಾಕು. ಆದರೆ ಹೀಗೆ ಕಾಗದದ ಮೇಲೆ ಬಿಡಿಸಲು ನನಗೆ ಹತ್ತು ನಿಮಿಷ ಬೇಕು. ಆತ ಅದನ್ನು ಮೇಜಿನಲ್ಲಿ, ಕ್ಷಣಗಳಲ್ಲಿ, ತನ್ನ ಹಣ ಇಟ್ಟು ಮಾಡಿದ.

ಹತ್ತು ವರ್ಷ ಹಿಂದೆ ತನಗೆ ಪಟ್ಟ ತಂದುಕೊಟ್ಟಿದ್ದ ಅದೇ 5-4ನ್ನು ಈ ಸಲ ಎದುರಿನವನ ಕೈಯಲ್ಲಿ ಗುರುತು ಹಿಡಿದ.

ಲೆಕ್ಕ ಕೈಕೊಟ್ಟ ಕಡೆ

ಈಗ ಇನ್ನೊಂದು ಮಗ್ಗುಲು. ಈತನಿಗೆ ಬ್ಯಾಂಕ್ ಖಾತೆ ಇರಲಿಲ್ಲ. ಹಣವನ್ನು ಹೋಟೆಲುಗಳ ಲಾಕರಿನಲ್ಲಿ ಇಡುತ್ತಿದ್ದ. 1980ರಲ್ಲಿ ಪಟ್ಟ ಗೆದ್ದಾಗ ಬಹುಮಾನ ತೆಗೆದುಕೊಳ್ಳಲು ಬೇಕಾದ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇರಲಿಲ್ಲ, ಆಮೇಲೆ ಮಾಡಿಸಿಕೊಂಡ. ದುಬಾರಿ ಮರ್ಸಿಡಿಸ್ ಕಾರನ್ನು ಎಂಜಿನ್ ಆಯಿಲ್ ಹಾಕದೆ ಓಡಿಸಿ ಕೆಡಿಸಿ, ಆಯಿಲ್ ಹಾಕಬೇಕು ಅಂತ ನನಗ್ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದನೆಂಬ ಕತೆ ಪ್ರಸಿದ್ಧ. ಆರು ಕಟ್ಟು ಎಲೆಯಲ್ಲಿ ಹೋದದ್ದೆಲ್ಲ ನೆನಪಿಟ್ಟುಕೊಂಡು ಕೊನೆಯ ಎಲೆ ಯಾವುದೆಂದು ಹೇಳಿ ಕ್ಯಾಸಿನೊ ಮಾಲೀಕ ಬಾಬ್ ಸ್ಟುಪಾಕ್‌ನ ಹತ್ತಿರ ದೊಡ್ಡ ಪಂದ್ಯ ಗೆದ್ದ ತಲೆ ಇದೇ. ಈ ತಲೆಗೆ ಹೆದರಿ ಬ್ಲ್ಯಾಕ್‌ಜ್ಯಾಕ್ ಮೇಜುಗಳು ಆತನಿಗೆ ಬಾಗಿಲು ಮುಚ್ಚಿದ್ದವು.

ಎಲೆಯಲ್ಲಿ ಗೆದ್ದದ್ದು ಕುದುರೆಗೆ, ಫುಟ್‌ಬಾಲ್ ಬೆಟ್ಟಿಂಗಿಗೆ, ಗಾಲ್ಫ್ ಪಂದ್ಯಕ್ಕೆ ಹೋಗುತ್ತಿತ್ತು. ಇಲ್ಲಿರುವ ವ್ಯತ್ಯಾಸ ನೋಡಿ. ಪೋಕರ್ ಮೇಜಿನಲ್ಲಿ ಎದುರಿಗೆ ಮನುಷ್ಯನಿದ್ದ, ಅವನಿಗೆ ಭಯ ಆಸೆ ಎರಡೂ ಇದ್ದವು. ರೇಸ್ ಕೋರ್ಸಿನಲ್ಲಿ ಎದುರಿಗೆ ಇದ್ದದ್ದು ಕಮಿಷನ್ ಮುರಿದುಕೊಂಡೇ ದರ ಕಟ್ಟುವ ವ್ಯವಸ್ಥೆ. ಅದಕ್ಕೆ ಮುಖವಿಲ್ಲ, ಅದು ಬೆವರುವುದಿಲ್ಲ, ಯಾರ ಬ್ಲಫ್‌ಗೂ ಪ್ಯಾಕ್ ಆಗುವುದಿಲ್ಲ. ಎದುರಾಳಿಗೆ ತಕ್ಕಂತೆ ಎಲೆ ಆಯುವ ಮನುಷ್ಯ, ಈ ಎದುರಾಳಿ ಎದುರು ಏನನ್ನೂ ಆಯಲಿಲ್ಲ, ಬಂದದ್ದನ್ನೆಲ್ಲ ಆಡಿದ.

ಇದರ ಜೊತೆ ಕೊಕೇನ್ ಬಂತು. 1979ರಲ್ಲಿ ಅಮ್ಮ ತೀರಿಕೊಂಡ ಮೇಲೆ ಶುರುವಾದದ್ದು, ರಾತ್ರಿಯಿಡೀ ಎಚ್ಚರವಿದ್ದು ಆಡಲು ಸಹಾಯವಾಗುತ್ತದೆಂದು ಮೊದಲು ಹಿಡಿದದ್ದು, ಆಮೇಲೆ ಆತನನ್ನೇ ಹಿಡಿಯಿತು. 1982ರಲ್ಲಿ ಮದುವೆ, ಅದೇ ವರ್ಷ ಮಗಳು. 1986ರಲ್ಲಿ ವಿಚ್ಛೇದನ. 1989ರಲ್ಲಿ, ಆತ ತನ್ನದೇ ಎಂದು ಬೆಳೆಸಿದ್ದ ಮಗ ಇನ್ನೂ ಹದಿಹರೆಯ ದಾಟುವ ಮುನ್ನ ಸತ್ತ. ಆಮೇಲೆ ಇಳಿಜಾರು ಇನ್ನೂ ಕಡಿದಾಯಿತು.

1990ರ ಮುಖ್ಯ ಟೂರ್ನಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಆತ ಮೂರನೇ ದಿನ ಆಟಕ್ಕೆ ಬರಲೇ ಇಲ್ಲ. ಹೋಟೆಲ್ ಕೋಣೆಯ ನೆಲದ ಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದ. ನಿಯಮದಂತೆ ಪ್ರತಿ ಸುತ್ತಿಗೂ ಆತನ ಖಾಲಿ ಕುರ್ಚಿಯ ಮುಂದಿನ ರಾಶಿಯಿಂದ ಕಡ್ಡಾಯ ಪಣ ತೆಗೆಯುತ್ತಾ ಹೋದರು. ಆ ರಾಶಿ ಎಷ್ಟು ದೊಡ್ಡದಿತ್ತೆಂದರೆ, ಆಡದೆಯೇ ಆತ 9ನೇ ಸ್ಥಾನಕ್ಕೆ ಬಂದ. ಬಹುಮಾನವೂ ಬಂತು.

1997: ವಾಪಸ್ ಬಂದವನು

ಏಳು ವರ್ಷದ ನಂತರ ಅದೇ ಟೂರ್ನಿ. ಸ್ಟೂ ಹತ್ತಿರ ಪ್ರವೇಶ ಶುಲ್ಕಕ್ಕೂ ದುಡ್ಡಿಲ್ಲ. ಹೆಸರು ನೋಂದಾಯಿಸಲು ಕೆಲವೇ ನಿಮಿಷ ಉಳಿದಿರುವಾಗ ಗೆಳೆಯ ಬಿಲ್ಲಿ ಬ್ಯಾಕ್ಸ್‌ಟರ್ 10,000 ಡಾಲರ್ ಕಟ್ಟಿದ. ಆಟಗಾರರು 312. ನಿದ್ದೆಗೆಟ್ಟು ಬಂದಿದ್ದ ಸ್ಟೂ ಮೊದಲ ದಿನ ಮೇಜಿನ ಮೇಲೇ ತೂಕಡಿಸುತ್ತಿದ್ದ. ಜೊತೆಗಾರರು ಬೈದು, ಹುರಿದುಂಬಿಸಿ ಕೂರಿಸಿದರು. ಕೊಕೇನ್‌ನಿಂದ ಕುಸಿದಿದ್ದ ಮೂಗು ಕಾಣದಿರಲೆಂದು ದುಂಡನೆಯ ನೀಲಿ ಗಾಜಿನ ಕನ್ನಡಕ. ಜೇಬಿನಲ್ಲಿ ಮಗಳ ಫೋಟೊ.

ಎರಡನೇ ದಿನದಿಂದ ಹಳೆಯ ಸ್ಟೂ ಕಾಣಿಸಿದ. ಕೊನೆಯ ಮೇಜನ್ನು ಆ ವರ್ಷ ಫ್ರೀಮಾಂಟ್ ಬೀದಿಯ ಬಯಲಲ್ಲೇ ಹಾಕಿದ್ದರು. ಆತ ಅಲ್ಲಿಗೆ ದೊಡ್ಡ ರಾಶಿಯೊಂದಿಗೆ ಬಂದು, ಉಳಿದವರು ಕಾಯುತ್ತಿದ್ದಾರೆಂದು ತಿಳಿದು, ಅವರಿಗೆ ಉಸಿರಾಡಲು ಬಿಡಲಿಲ್ಲ. ಕೊನೆಗೆ ಎದುರಿಗೆ ಉಳಿದವನು ಜಾನ್ ಸ್ಟ್ರೆಂಪ್. ಸ್ಟೂ ಕೈಯಲ್ಲಿ ಎಕ್ಕ ಮತ್ತು 4, ಸ್ಟ್ರೆಂಪ್ ಕೈಯಲ್ಲಿ ಎಕ್ಕ ಮತ್ತು 8. ಮೇಜಿನ ಮೇಲೆ ಎಕ್ಕ, 5, 3, ಮತ್ತೆ 3. ಕೊನೆಯ ಎಲೆಗೆ ಮುಂಚೆ ಸ್ಟೂ ಹಿಂದಿದ್ದ. ಉಳಿದ 44 ಎಲೆಯಲ್ಲಿ ಆತನನ್ನು ಪೂರ್ತಿ ಗೆಲ್ಲಿಸುವವು ಏಳು ಮಾತ್ರ: ನಾಲ್ಕು 2, ಮೂರು 4. ಬಿದ್ದದ್ದು 2. ಎಕ್ಕದಿಂದ 5ರವರೆಗೆ ಸಾಲು, 1980ರಂತೆಯೇ.

ಮೂರನೇ ಪಟ್ಟ, ಬಹುಮಾನ 10 ಲಕ್ಷ ಡಾಲರ್. ಅರ್ಧ ಬ್ಯಾಕ್ಸ್‌ಟರ್‌ಗೆ, ಅರ್ಧ ಸ್ಟೂಗೆ. ಆತನ ಅರ್ಧ ಕೆಲವೇ ತಿಂಗಳಲ್ಲಿ ಬೆಟ್ಟಿಂಗು, ಡ್ರಗ್ಸ್‌ಗಳಲ್ಲಿ ಮುಗಿಯಿತು. 1998ರಲ್ಲಿ ಬ್ಯಾಕ್ಸ್‌ಟರ್ ಮತ್ತೆ ಶುಲ್ಕ ಕಟ್ಟಿದ. ಆಟ ಶುರುವಾಗಲು ಹತ್ತು ನಿಮಿಷ ಇದ್ದಾಗ, ಸುಸ್ತಾಗಿದೆ, ಆಡಲ್ಲ ಎಂದ ಚಾಂಪಿಯನ್.

1998ರ ನವೆಂಬರ್ 22ರಂದು ಲಾಸ್ ವೇಗಸ್‌ನ ಓಯಸಿಸ್ ಮೋಟೆಲ್‌ನ 6ನೇ ನಂಬರ್ ಕೋಣೆಯಲ್ಲಿ ಸ್ಟೂ ಸತ್ತಿದ್ದು ಗೊತ್ತಾಯಿತು. 45 ವರ್ಷ. ವರ್ಷಗಟ್ಟಲೆ ಡ್ರಗ್ಸ್ ಸೇವನೆಯಿಂದ ಕೆಟ್ಟಿದ್ದ ಹೃದಯ ನಿಂತಿತ್ತು. ಹತ್ತಿರ ಇದ್ದದ್ದು ಸುಮಾರು 800 ಡಾಲರ್. ಜೀವಮಾನದಲ್ಲಿ ಆತ ಗೆದ್ದದ್ದು 3 ಕೋಟಿ ಡಾಲರ್ ಇರಬಹುದೆಂಬ ಅಂದಾಜಿದೆ. ಅಂತ್ಯಕ್ರಿಯೆಗೆ ಹಣ ಸೇರಿಸಿದವನು ಅದೇ ಬಾಬ್ ಸ್ಟುಪಾಕ್. 2001ರಲ್ಲಿ ಪೋಕರ್ ಹಾಲ್ ಆಫ್ ಫೇಮ್‌ಗೆ ಆತನ ಹೆಸರು ಸೇರಿತು.

ನಮ್ಮ ಮೊಬೈಲಿನ ಎದುರಾಳಿ ಯಾರು?

ಈಗ ಪೋಕರ್ ಬದಲಾಗಿದೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ನಾಲ್ವರು ವೃತ್ತಿಪರ ಆಟಗಾರರನ್ನು 1,20,000 ಕೈಗಳ ಪಂದ್ಯದಲ್ಲಿ ಸೋಲಿಸಿತು. ಎದುರಾಳಿಯ ಸ್ವಭಾವ ಹಿಡಿದು ಆಡುವುದು ಅದರ ರೀತಿಯಲ್ಲ. ಯಾರು ಬಂದರೂ ತನ್ನಲ್ಲಿ ತೂತು ಸಿಗದಂತೆ ಆಡುವುದು ಅದರ ರೀತಿ. ಸ್ಟೂ ಅಂಗರ್‌ನ ದಾರಿ ಅದರ ತದ್ವಿರುದ್ಧ: ಎದುರಿನವನ ತೂತು ಹುಡುಕಿ ಅಲ್ಲೇ ಕೈ ಹಾಕುವುದು. ಹಾಗೆ ಮಾಡುವವನು ತನ್ನ ತೂತನ್ನೂ ತೆರೆದಿಡುತ್ತಾನೆ ಎಂದು ಇವತ್ತಿನ ಸಿದ್ಧಾಂತ ಹೇಳುತ್ತದೆ. ಮೇಜಿನಲ್ಲಿ ಸ್ಟೂನ ತೂತು ಹುಡುಕಿದವರು ಕಡಿಮೆ. ಮೇಜಿನ ಹೊರಗೆ ಅದು ಎಲ್ಲರಿಗೂ ಕಾಣುವಷ್ಟು ದೊಡ್ಡದಿತ್ತು.

ಹಾಗಾಗಿ ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆ ನನಗೆ ಅರ್ಧ ಪ್ರಶ್ನೆಯಾಗಿ ಕಾಣುತ್ತದೆ. ಪೋಕರ್‌ನಲ್ಲಿ ಕೌಶಲ ಇದೆ, ಸ್ಟೂ ಅದಕ್ಕೆ ಸಾಕ್ಷಿ. ಆದರೆ ಆ ಕೌಶಲ ನಿಂತಿರುವುದು ಎದುರಾಳಿಯನ್ನು ಆಯ್ದುಕೊಳ್ಳುವುದರ ಮೇಲೆ, ಅವನನ್ನು ನೋಡಬಲ್ಲೆ ಎಂಬುದರ ಮೇಲೆ, ಬೇಡವೆಂದಾಗ ಎದ್ದು ಹೋಗಬಲ್ಲೆ ಎಂಬುದರ ಮೇಲೆ. ರಾತ್ರಿ ಎರಡು ಗಂಟೆಗೆ ಪಿ.ಜಿ. ಕೋಣೆಯಲ್ಲಿ ಹೊದ್ದು ಮಲಗಿ ಮೊಬೈಲಿನಲ್ಲಿ ರಮ್ಮಿ ಆಡಿದವನಿಗೆ ಈ ಮೂರರಲ್ಲಿ ಯಾವುದಿತ್ತು? ಎದುರಿನವನ ಮುಖ ಕಾಣದು. ಯಾರ ಜೊತೆ ಕೂರಬೇಕೆಂದು ನಿರ್ಧರಿಸುವುದು ಆ್ಯಪ್. ಪ್ರತಿ ಆಟದಲ್ಲೂ ತನ್ನ ಪಾಲು ಮೊದಲೇ ಮುರಿದುಕೊಳ್ಳುವುದೂ ಅದೇ. ಎದುರಿನ ಆಟಗಾರರಿಗಿಂತ ಸ್ವಲ್ಪ ಜಾಣನಾದರೆ ಸಾಲದು, ಆ ಮುರಿತವನ್ನೂ ಮೀರುವಷ್ಟು ಜಾಣನಾಗಿರಬೇಕು. ನಿಲ್ಲಿಸಿದವನಿಗೆ ಬೋನಸ್ ಆಸೆ ತೋರಿಸಿ ಮತ್ತೆ ಕರೆಯುವ ವ್ಯವಸ್ಥೆ ಬೇರೆ.

ಕಾಯ್ದೆ ಸರಿಯೋ ತಪ್ಪೋ ನ್ಯಾಯಾಲಯ ನೋಡಿಕೊಳ್ಳಲಿ. ನಿಷೇಧವೊಂದರಿಂದಲೇ ಜೂಜು ನಿಂತ ಉದಾಹರಣೆ ನನಗೆ ಗೊತ್ತಿಲ್ಲ. ಅಡ್ಡೆ ಮುಚ್ಚಿದರೆ ಇನ್ನೊಂದು ಸಂದಿಯಲ್ಲಿ ತೆರೆಯುತ್ತದೆ, ಸ್ಟೂನ ಅಪ್ಪನ ಬಾರಿನ ಹಾಗೆ. ಆದರೆ ನಿಷೇಧ ಬೇಡ ಎನ್ನುವವರು ಕೌಶಲದ ಹೆಸರು ಹೇಳುವಾಗ ಪೂರ್ತಿ ಲೆಕ್ಕ ಇಡಲಿ. ಯಾರು ಎಷ್ಟು ಮುರಿದುಕೊಳ್ಳುತ್ತಾರೆ, ಎಷ್ಟು ಜನ ಸೋಲುತ್ತಾರೆ, ಸೋಲುತ್ತಿರುವವನನ್ನು ತಡೆಯಲು ಏನು ಮಾಡುತ್ತಾರೆ ಎಂಬುದೂ ಆ ಲೆಕ್ಕದಲ್ಲಿ ಇರಲಿ.

ನೂರಾರು ಎದುರಾಳಿಗಳ ಪೈಕಿ ಯಾರೆದುರು ಯಾವ ಎರಡು ಎಲೆ ಹಿಡಿಯಬೇಕು, ಯಾರೆದುರು ಬಿಸಾಕಬೇಕು ಎಂದು ಸ್ಟೂ ಅಂಗರ್‌ನಷ್ಟು ಚೆನ್ನಾಗಿ ಬಲ್ಲವರು ಕಡಿಮೆ. ಅಂಥವನಿಗೂ ಕುದುರೆ ರೇಸಿನ ಎದುರು, ಕೊಕೇನ್ ಎದುರು ಎಲೆ ಕೆಳಗಿಟ್ಟು ಏಳಲು ಆಗಲಿಲ್ಲ. ನಾಳೆ ಯಾರಾದರೂ ನಿಮ್ಮ ಮನೆಯ ಹುಡುಗನಿಗೆ ಇದು ಬುದ್ಧಿವಂತರ ಆಟ ಎಂದು ಹೇಳಿದರೆ, ಅದು ನಿಜವೇ ಅನ್ನಿ. ಜೊತೆಗೆ, ಆ ಬುದ್ಧಿವಂತರಲ್ಲಿ ಮೊದಲನೆಯವನು ಯಾವ ಕೋಣೆಯಲ್ಲಿ, ಎಷ್ಟು ಹಣ ಇಟ್ಟುಕೊಂಡು ಸತ್ತ ಎಂಬುದನ್ನೂ ಹೇಳಿ.